ಮುಂಗಡ ನಡಾವಳಿ

ಸೆಪ್ಟೆಂಬರ್ 6, ಬುಧವಾರ

ಬೆಳಿಗ್ಗೆ ಕಚೇರಿಯ ಮೇಜಿನ ಖಾನೆ ಎಳೆದಾಗ ಎರಡು ರಬ್ಬರ್ ಮೊಹರುಗಳು ಕಂಡವು. ‘ಅನುಮೋದಿಸಲಾಗಿದೆ’ ಎಂಬುದರ ಹಿಡಿ ಸವೆದು ಹೆಬ್ಬೆರಳು ಕೂರುವಲ್ಲಿ ಗುಳಿ ಬಿದ್ದಿದೆ. ಒತ್ತಿದರೆ ಕೊನೆಯ ಎರಡಕ್ಷರ ಮೂಡುವುದೇ ಇಲ್ಲ. ‘ತಿರಸ್ಕರಿಸಲಾಗಿದೆ’ ಎಂಬುದು ಇನ್ನೂ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೇ ಇದೆ.

ಕೆಲಸಕ್ಕೆ ಸೇರಿ ಇದು ಮೂರನೆಯ ದಿನ. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ತಾತ್ಕಾಲಿಕ ಸಹಾಯಕಿ ನಾನು. ಇಲ್ಲಿ ಯಾರೇ ಮನುಷ್ಯರ ಮೇಲೆ ಅಧ್ಯಯನ ಮಾಡಬೇಕೆಂದರೂ, ರಕ್ತ ತೆಗೆಯುವುದಿರಲಿ, ಬರೀ ಪ್ರಶ್ನೆ ಕೇಳುವುದಿರಲಿ, ಮೊದಲು ಸಮಿತಿಯ ಒಪ್ಪಿಗೆ ಪಡೆಯಬೇಕು. ಆ ಜನಕ್ಕೆ ನೋವಾಗುವುದಿಲ್ಲ, ಮೋಸವಾಗುವುದಿಲ್ಲ, ಎಲ್ಲ ತಿಳಿಸಿ ಕೇಳಿಯೇ ಅವರನ್ನು ಸೇರಿಸಿಕೊಂಡಿದ್ದಾರೆ ಎಂಬುದನ್ನು ಸಮಿತಿ ನೋಡಬೇಕು. ಎರಡು ವಾರಕ್ಕೊಮ್ಮೆ, ಗುರುವಾರ, ಸಭೆ. ನನ್ನನ್ನು ಆರು ವಾರ ಪರೀಕ್ಷೆಗೆ ಇಟ್ಟುಕೊಂಡಿದ್ದಾರೆ. ಸರಿ ಕಂಡರೆ ಒಂದು ವರ್ಷದ ಗುತ್ತಿಗೆ. ಸಂದರ್ಶನದಲ್ಲಿ “ಸಾಹಿತ್ಯ ಓದಿದೋರು ಇಲ್ಲೇನು ಮಾಡ್ತೀರಿ?” ಎಂದು ಕೇಳಿದಾಗ ನನಗೆ ಉತ್ತರ ಹೊಳೆಯದೆ ಸುಮ್ಮನೆ ಕುಳಿತಿದ್ದೆ. “ಮಾತು ಕಡಿಮೆ, ಒಳ್ಳೇದು” ಎಂದು ಬರೆದುಕೊಂಡರು.

ಮಧ್ಯಾಹ್ನ ಹಿರಿಯ ಗುಮಾಸ್ತರು ಬಂದು, “ನಾಳೆ ಸಭೆಯ ನಡಾವಳಿ ಟೈಪ್ ಆಯ್ತೇನಮ್ಮಾ?” ಎಂದು ಕೇಳಿದರು.

ಸಭೆಯಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂಬ ದಾಖಲೆ ಅದು. “ಸಭೆ ಇನ್ನೂ ಆಗಿಲ್ವಲ್ಲ ಸರ್” ಎಂದೆ. ಬಹುಶಃ ಅವರಿಗೆ ಕೇಳಿಸಲಿಲ್ಲ. ನನ್ನ ಧ್ವನಿ ಅರ್ಧ ದಾರಿಯಲ್ಲೇ ಇಳಿದುಬಿಡುತ್ತದೆ. ಎರಡನೆಯ ಸಲ ಹೇಳಿದೆ.

“ಆದ್ಮೇಲೆ ಬರೆದ್ರೆ ತಾಪತ್ರಯ. ಒಬ್ಬೊಬ್ರೂ ‘ನಾನು ಹಾಗಂದಿಲ್ಲ, ಹೀಗಂದೆ’ ಅಂತ ಎರಡು ತಿಂಗಳು ತಿದ್ದಿಸ್ತಾರೆ. ಮುಂಚೇನೇ ಬರೆದು ಕೈಗೆ ಕೊಟ್ರೆ ಅದನ್ನೇ ಓದಿ ಹೇಳಿ ಮನೆಗೆ ಹೋಗ್ತಾರೆ. ಹನ್ನೊಂದು ವರ್ಷದಿಂದ ಹೀಗೇ. ಒಂದು ತಕರಾರಿಲ್ಲ.”

ಹಳೆಯ ನಡಾವಳಿ ನೋಡಿ ಹಾಗೇ ನಕಲು ಮಾಡಿದೆ. ‘ಸಮಿತಿಯು ಕೂಲಂಕಷವಾಗಿ ಚರ್ಚಿಸಿ ಅನುಮೋದಿಸಿತು.’ ನಾಳೆ ನಡೆಯುವ ಕೂಲಂಕಷ ಚರ್ಚೆ.

ಬರುವಾಗ ನಮ್ಮ ಸ್ಟಾಪಿನಲ್ಲಿ ಬೇರೆ ಯಾರೂ ಇಳಿಯಲಿಲ್ಲ. ನಿಲ್ಲಿಸಿ ಎನ್ನಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ.

ಸೆಪ್ಟೆಂಬರ್ 7, ಗುರುವಾರ

ಸಭೆ ಹನ್ನೊಂದು ನಿಮಿಷ ನಡೆಯಿತು. ಆರು ಕಡತ.

ಅಧ್ಯಕ್ಷರು ನಿವೃತ್ತ ಮೂಳೆ ಡಾಕ್ಟರು. ಕುರ್ಚಿಯಲ್ಲಿ ಯಾರಾದರೂ ಬೆನ್ನು ಬಗ್ಗಿಸಿ ಕೂತರೆ ಅವರಿಗೆ ತಡೆಯಲಾಗದು, ಸಭೆಯ ನಡುವೆಯೇ ತಿದ್ದುತ್ತಾರೆ. ವಕೀಲೆಯೊಬ್ಬರಿದ್ದಾರೆ, ಕೈಚೀಲವನ್ನು ತೋಳಿನಿಂದ ಇಳಿಸುವುದೇ ಇಲ್ಲ. ಮನಶ್ಶಾಸ್ತ್ರದ ಪ್ರೊಫೆಸರ್ ಇದ್ದಾರೆ. ತಮ್ಮದೇ ಕಡತ ಬಂದಾಗ ನಿಯಮದಂತೆ ಹೊರಗೆ ಹೋಗಿ, ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಅಲ್ಲೇ ನಿಲ್ಲುತ್ತಾರೆ. ನಾಲ್ಕನೆಯವರು ದರ್ಜಿ. ಸಮಿತಿಯಲ್ಲಿ ವಿದ್ವಾಂಸರಲ್ಲದ ಒಬ್ಬ ಸಾಮಾನ್ಯ ಪ್ರಜೆ ಇರಬೇಕೆಂಬ ನಿಯಮವಂತೆ. ಗೇಟಿನ ಎದುರು ಪದವಿ ಗೌನು ಹೊಲಿಯುವ ಅಂಗಡಿ ಅವರದು. ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದರು.

ದರ್ಜಿ ಇಡೀ ಸಭೆಯಲ್ಲಿ ಆಡಿದ್ದು ಒಂದೇ ಮಾತು. “ಸಹಿ ಎಲ್ಲಿ?”

ಸೆಪ್ಟೆಂಬರ್ 11, ಸೋಮವಾರ

ಫೋನಿಗೆ ತಲೆ ಬಾಚಿಕೊಳ್ಳುವವರು ಲೋಕದಲ್ಲಿ ನಮ್ಮ ಅತ್ತೆ ಒಬ್ಬರೇ ಇರಬೇಕು. ಸಂಜೆ ಆರೂಕಾಲಕ್ಕೆ ಕನ್ನಡಿ ಮುಂದೆ ನಿಂತರು. ಆರೂವರೆಗೆ ಸರಿಯಾಗಿ ಫೋನು ಬಂತು.

ಅತ್ತೆ ಅಪ್ಪನ ಅಕ್ಕ. ಅಪ್ಪ ತೀರಿಕೊಂಡ ಮೇಲೂ ನಮ್ಮ ಜೊತೆಯಲ್ಲೇ ಇದ್ದಾರೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ದೂರದೂರುಗಳ ಟ್ರಂಕ್ ಕಾಲ್ ಜೋಡಿಸಿದವರು. ಎರಡು ವಾರದಿಂದ ಯಾವುದೋ ಹುಡುಗಿ ದಿನವೂ ಅವರಿಗೆ ಫೋನ್ ಮಾಡುತ್ತಾಳೆ, ಶನಿವಾರ ಭಾನುವಾರ ಬಿಟ್ಟು. ನಿವೃತ್ತರ ಸಂಘದಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದ್ದರಂತೆ. ನೆನಪಿನ ಶಕ್ತಿಯ ಬಗ್ಗೆ ಏನೋ ಇತ್ತು, ಏನೆಂದು ನೆನಪಿಲ್ಲ ಎನ್ನುತ್ತಾರೆ.

ಇವತ್ತು ಹುಡುಗಿ ಕೇಳಿದ ಪ್ರಶ್ನೆ ಸ್ಪೀಕರಿನಲ್ಲಿ ನನಗೂ ಕೇಳಿಸಿತು. “ಇಂದು ಕಿಟಕಿಯಿಂದ ನೀವು ಕಂಡ ವಿಶೇಷವೇನು?”

“ಒಂಟೆ” ಎಂದರು ಅತ್ತೆ.

“ಒಂಟೆ?” ಎಂದಳು ಹುಡುಗಿ.

“ಎರಡು. ಒಂದು ಕುಂಟ್ತಿತ್ತು.”

ನಮ್ಮ ಕಿಟಕಿಯಿಂದ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು. ಫೋನಿಟ್ಟ ಮೇಲೆ ಅಮ್ಮ ಕೇಳಿದಳು: “ಅಲ್ಲ ಅತ್ತಿಗೆ, ಮೊನ್ನೆ ಈಜಿನಲ್ಲಿ ಚಿನ್ನದ ಪದಕ ಅಂದ್ರಿ. ನಿಮಗೆ ಸ್ನಾನದ ಬಕೆಟ್ ಕಂಡ್ರೇ ಭಯ.”

“ದಿನಾ ಟ್ಯಾಂಕು ಟ್ಯಾಂಕು ಅಂದ್ರೆ ಆ ಮಗೂಗೆ ಬೇಜಾರಾಗಲ್ವೇನೇ? ಪಾಪ, ಅವಳಿಗೆ ಮನೇಲಿ ಮಾತಾಡೋರು ಯಾರೂ ಇಲ್ಲ ಅನ್ಸುತ್ತೆ. ಇಲ್ದಿದ್ರೆ ಗುರುತಿಲ್ಲದ ಮುದುಕಿಗೆ ಯಾರು ದಿನಾ ಫೋನ್ ಮಾಡ್ತಾರೆ?”

ಹೇಳಿ ತಾವೇ ನಕ್ಕರು. ಅಪ್ಪ ಹೋದ ಈ ಎರಡು ವರ್ಷದಲ್ಲಿ ಅತ್ತೆ ಹೀಗೆ ನಕ್ಕದ್ದು ನಾನು ಕಂಡಿಲ್ಲ.

ಸೆಪ್ಟೆಂಬರ್ 20, ಬುಧವಾರ

ನಕಲು ಮಾಡಿ ಮಾಡಿ ಸಾಕಾಯಿತು. ‘ಕೂಲಂಕಷವಾಗಿ’ ಎಂಬ ಪದವನ್ನು ಇನ್ನೊಮ್ಮೆ ಟೈಪು ಮಾಡಿದರೆ ಬೆರಳು ಬಿದ್ದುಹೋಗುತ್ತದೆ ಅನಿಸಿ, ಇವತ್ತು ಮೂಳೆ ಡಾಕ್ಟರ ಬಾಯಿಗೆ ಒಂದು ಮಾತು ಹಾಕಿದೆ: ‘ಒಪ್ಪಿಗೆ ಎಂಬುದು ಒಮ್ಮೆ ಹಾಕುವ ಸಹಿಯಲ್ಲ, ಪ್ರತಿದಿನ ಕೇಳಬೇಕಾದ ಪ್ರಶ್ನೆ ಎಂದು ಅಧ್ಯಕ್ಷರು ಅಭಿಪ್ರಾಯಪಟ್ಟರು.’ ವಕೀಲೆಗೆ ಒಂದು ಸಣ್ಣ ಭಿನ್ನಾಭಿಪ್ರಾಯ ಕೊಟ್ಟೆ. ದರ್ಜಿಗೆ: ‘ಗಿರಾಕಿ ಉಸಿರು ಬಿಗಿಹಿಡಿದು ನಿಂತಾಗ ತೆಗೆದ ಅಳತೆ ಅಳತೆಯಲ್ಲ ಎಂದು ಸಾಮಾನ್ಯ ಸದಸ್ಯರು ನೆನಪಿಸಿದರು.’

ಗುಮಾಸ್ತರು ಓದದೆಯೇ ಪ್ರತಿ ತೆಗೆದು ಹಂಚಿದರು.

ಸೆಪ್ಟೆಂಬರ್ 21, ಗುರುವಾರ

ಇದನ್ನು ಯಾರಿಗಾದರೂ ಹೇಳಬೇಕು, ಹೇಳುವಂತಿಲ್ಲ. ಅವರು ಎಲ್ಲವನ್ನೂ ಆಡಿದರು.

ಮೂಳೆ ಡಾಕ್ಟರು ಕನ್ನಡಕ ತೆಗೆದು, ಮೇಜಿಗೆ ಕೈಯೂರಿ, ‘ಪ್ರತಿದಿನ ಕೇಳಬೇಕಾದ ಪ್ರಶ್ನೆ’ ಎಂಬಲ್ಲಿ ಧ್ವನಿ ಇಳಿಸಿದರು. ನಾನು ಬರೆಯುವಾಗ ಅಲ್ಲಿ ಧ್ವನಿ ಇಳಿಯಬೇಕೆಂದು ನನಗೇ ಗೊತ್ತಿರಲಿಲ್ಲ. ವಕೀಲೆ ಭಿನ್ನಾಭಿಪ್ರಾಯ ತೋರಲು ಕೈಚೀಲವನ್ನು ಕೆಳಗಿಟ್ಟರು. ದರ್ಜಿ ತಮ್ಮ ಸಾಲನ್ನು ಎರಡು ಸಲ ಓದಿದರು, ಎರಡನೆಯ ಸಲ ಬಾಗಿಲ ಬಳಿ ನಿಂತಿದ್ದ ಜವಾನನಿಗೂ ಕೇಳಲೆಂದು. ಸಭೆ ಮೂವತ್ತೈದು ನಿಮಿಷ ನಡೆಯಿತು. ಕೊನೆಗೆ ಅಧ್ಯಕ್ಷರು “ಇವತ್ತು ನಾವು ಚೆನ್ನಾಗಿ ಚರ್ಚಿಸಿದ್ವಿ” ಎಂದರು. ಎಲ್ಲರೂ ತಲೆಯಾಡಿಸಿದರು.

ಎಲ್ಲ ಕಡತಗಳೂ ಅನುಮೋದನೆಯಾದವು.

ಸೆಪ್ಟೆಂಬರ್ 22, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ. ಅತ್ತೆಯ ಕಿಟಕಿಯಲ್ಲಿ ಇವತ್ತು ಬ್ಯಾಂಡ್ ಸೆಟ್ಟು.

ಸೆಪ್ಟೆಂಬರ್ 27, ಬುಧವಾರ

ಐದನೇ ತಾರೀಕಿನ ಸಭೆಯ ಕಡತಗಳು ಬಂದವು. ಮೂರನೆಯದು ಪ್ರೊಫೆಸರರದು: ‘ಹಿರಿಯ ನಾಗರಿಕರಲ್ಲಿ ನೆನಪಿನ ಶಕ್ತಿ’. ಪ್ರಶ್ನಾವಳಿಯ ಐದನೆಯ ಪ್ರಶ್ನೆ ಓದಿದಾಗ ಯಾರೋ ಕಿವಿಯಲ್ಲಿ ಹೇಳಿದಂತಾಯಿತು. ‘ಇಂದು ಕಿಟಕಿಯಿಂದ ನೀವು ಕಂಡ ವಿಶೇಷವೇನು?’

ಕಡತವನ್ನು ಮೊದಲಿಂದ ಓದಿದೆ. ಇಲ್ಲಿ ಯಾರೂ ಓದದ ಒಂಬತ್ತನೆಯ ಪುಟದವರೆಗೂ ಓದಿದೆ. ನೆನಪಿನ ಶಕ್ತಿ ಎಂಬುದು ಭಾಗವಹಿಸುವವರಿಗೆ ಹೇಳುವ ಹೆಸರು. ನಿಜವಾದದ್ದು ಬೇರೆ. ಹಿರಿಯರಿಗೆ ದಿನವೂ ಒಬ್ಬರೇ ಫೋನ್ ಮಾಡಿ ಆರು ವಾರ ಸಲಿಗೆ ಬೆಳೆಸುತ್ತಾರೆ. ಆರನೆಯ ವಾರದ ಕೊನೆಗೆ, ಯಾವ ಮುನ್ಸೂಚನೆಯೂ ಕೊಡದೆ, ಕರೆ ನಿಂತುಹೋಗುತ್ತದೆ. ಆಮೇಲೆ ಒಂದು ತಿಂಗಳು ಬೇರೊಬ್ಬರು ಸಮೀಕ್ಷೆಯ ನೆಪದಲ್ಲಿ ವಿಚಾರಿಸುತ್ತಾರೆ: ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಯಾರಾದರೂ ನಿಮ್ಮನ್ನು ಕೈಬಿಟ್ಟಂತೆ ಅನಿಸುತ್ತಿದೆಯೇ.

ಸಮಿತಿ ಇದನ್ನು ಇನ್ನೂ ನೋಡಿಯೇ ಇಲ್ಲ. ಆದರೆ ಕೊನೆಯ ಹಾಳೆಯ ವೇಳಾಪಟ್ಟಿಯಲ್ಲಿ ‘ಮೊದಲ ಹನ್ನೆರಡು ಜನ: ಆಗಸ್ಟ್ 28ರಿಂದ’ ಎಂದು ಪೆನ್ಸಿಲಿನಲ್ಲಿ ಬರೆದಿದೆ. ಅಳಿಸಲು ಮರೆತಿದ್ದಾರೆ.

ಆಗಸ್ಟ್ 28ಕ್ಕೆ ಆರು ವಾರ ಕೂಡಿಸಿದೆ. ಅಕ್ಟೋಬರ್ 6, ಶುಕ್ರವಾರ.

ಮನೆಗೆ ಬಂದಾಗ ಅತ್ತೆ ಕನ್ನಡಿ ಮುಂದೆ ನಿಂತಿದ್ದರು.

ಸೆಪ್ಟೆಂಬರ್ 28, ಗುರುವಾರ

ಗುಮಾಸ್ತರಿಗೆ ಹೇಳಿದೆ. ಕಡತ ತೆರೆದು ಪೆನ್ಸಿಲ್ ಗುರುತನ್ನೂ ತೋರಿಸಿದೆ. ಅವರು ರಬ್ಬರ್ ತೆಗೆದು ಅದನ್ನು ಅಳಿಸಿ, ಪುಡಿ ಊದಿ, ಕಡತ ಮುಚ್ಚಿದರು.

“ಸಮಿತಿ ಹೇಗಿದ್ರೂ ಒಪ್ಪುತ್ತೆ. ಒಪ್ಪೋ ಕೆಲಸಾನ ಒಂದು ತಿಂಗಳು ಮುಂಚೆ ಶುರು ಮಾಡಿದ್ದಾರೆ ಅಷ್ಟೇ. ನಾವು ನಡಾವಳಿ ಮುಂಚೆ ಬರೀಲ್ವಾ?”

ಇದಕ್ಕೆ ತಕ್ಕ ಮಾತನ್ನು ಸಂಜೆಯವರೆಗೂ ಹುಡುಕಿದೆ, ಸಿಗಲಿಲ್ಲ.

ಇನ್ನೊಂದು ಕಷ್ಟ ಬಸ್ಸಿನಲ್ಲಿ ಹೊಳೆಯಿತು. ನಾನು ಬಾಯಿ ಬಿಟ್ಟರೆ ಅಧ್ಯಯನ ನಿಲ್ಲುತ್ತದೆ, ಅತ್ತೆಗೆ ನಾಳೆಯಿಂದಲೇ ಫೋನಿಲ್ಲ. ಬಿಡದಿದ್ದರೆ ಮುಂದಿನ ವಾರ ಕಳೆದ ಮೇಲೆ ಇಲ್ಲ. ಅತ್ತ ದರಿ ಇತ್ತ ಪುಲಿ, ನಡುವೆ ನಾನು, ಕೈಯಲ್ಲಿ ಊಟದ ಡಬ್ಬಿ.

ಸೆಪ್ಟೆಂಬರ್ 29, ಶುಕ್ರವಾರ

ಪ್ರೊಫೆಸರ್ ಕಚೇರಿಗೆ ಬಂದಿದ್ದರು. ಒಳ್ಳೆಯವರೇ. “ನಡಾವಳಿ ಚೆನ್ನಾಗಿ ಬರೀತೀರಂತಲ್ಲ. ನಿಮ್ಮ ಗುತ್ತಿಗೆ ವಿಷಯ ನಾನೇ ಅಧ್ಯಕ್ಷರ ಹತ್ರ ಹೇಳ್ತೀನಿ” ಎಂದರು. ನಾನು ಥ್ಯಾಂಕ್ಸ್ ಎಂದೆ. ಹೇಳಿ ಆದ ಮೇಲೆ ಬಾಯಿ ಕಹಿಯಾಯಿತು.

ಅಕ್ಟೋಬರ್ 1, ಭಾನುವಾರ

ಹೇಳಿಬಿಟ್ಟೆ. ಅತ್ತೆ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದರು.

“ಅತ್ತೆ, ಆ ಫೋನಿನ ಹುಡುಗಿ ಇದಾಳಲ್ಲ, ಅವಳು…”

“ಓದ್ಕೊಂಡು ಮಾತಾಡ್ತಾಳೆ. ಗೊತ್ತು.”

“ಗೊತ್ತಾ?”

“ಓದೋರು ಸಾಲು ಮುಗಿದ್ಮೇಲೆ ಉಸಿರು ತಗೋತಾರೆ, ಮಾತಾಡೋರು ಎಲ್ಲಿ ಬೇಕಾದ್ರೂ ತಗೋತಾರೆ. ಮೂವತ್ತೊಂದು ವರ್ಷ ಕಿವಿಗೆ ಹಾಕ್ಕೊಂಡು ಕೂತೋಳು ನಾನು, ಅಷ್ಟು ತಿಳಿಯಲ್ವಾ? ಮೊದಲ್ನೇ ದಿನವೇ ಗೊತ್ತಾಯ್ತು, ಇದು ಅವಳ ಕೆಲಸ ಅಂತ.”

“ಮತ್ತೆ ಬೇಜಾರಾಗ್ಲಿಲ್ವಾ?”

“ಯಾಕೆ ಬೇಜಾರು? ನಾನು ಊರೋರ ಫೋನು ಜೋಡಿಸ್ತಿದ್ದದ್ದು ಪ್ರೀತಿಗಾ?” ಒಂದು ಟವೆಲು ಮಡಚಿಟ್ಟರು. “ಆದ್ರೆ ಹೋದ ವಾರ ಒಂದಿನ ಕಾಗದ ಬಿಟ್ಟು ಒಂದು ಮಾತಾಡಿದ್ಲು ಕಣೇ. ‘ನಿಮ್ಮ ಹತ್ರ ಮಾತಾಡಿದ್ಮೇಲೆ ಬಾಕಿ ಹನ್ನೊಂದು ಜನಕ್ಕೆ ಮಾಡೋ ಧೈರ್ಯ ಬರುತ್ತೆ’ ಅಂದ್ಲು. ಆಮೇಲೆ ಹೆದರಿ ಮತ್ತೆ ಪ್ರಶ್ನೆಗೆ ಓಡಿದ್ಲು.”

ಆರನೇ ತಾರೀಕಿಗೆ ಫೋನು ನಿಲ್ಲುತ್ತದೆ ಎಂದೆ. ಹೇಳದೆ ನಿಲ್ಲಿಸುತ್ತಾರೆ ಎಂದೆ. ನಿಂತ ಮೇಲೆ ನಿಮಗೇನಾಗುತ್ತದೆ ಎಂದು ನೋಡುವುದೇ ಅಧ್ಯಯನ ಎಂದೆ.

ಇದು ಅವರಿಗೆ ಗೊತ್ತಿರಲಿಲ್ಲ. ಮಡಚಿಟ್ಟ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು. ಮತ್ತೆ ಬಿಡಿಸಿದರು.

“ಟ್ರಂಕ್ ಕಾಲಿಗೆ ಮೂರು ನಿಮಿಷ ಲೆಕ್ಕ” ಎಂದರು. “ಮೂರು ನಿಮಿಷಕ್ಕೆ ಲೈನ್ ಒಳಗೆ ಹೋಗಿ ಹೇಳ್ತಿದ್ವಿ, ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ ಅಂತ. ಅವ್ರು ಜಗಳ ಆಡ್ತಿರ್ಲಿ, ಅಳ್ತಿರ್ಲಿ, ಹೇಳೇ ತೆಗೀಬೇಕು. ಹೇಳದೆ ಲೈನ್ ತೆಗೆದ್ರೆ ಮೆಮೊ ಕೊಡೋರು. ನನಗೂ ಒಂದು ಸಲ ಕೊಟ್ಟಿದ್ರು. ಆ ಪ್ರೊಫೆಸರಿಗೆ ಮೆಮೊ ಕೊಡೋರು ಯಾರೂ ಇಲ್ವಾ?”

“ಸಮಿತಿ ಇದೆ.”

“ಸಮಿತೀಲಿ ಯಾರಿದಾರೆ?”

“ಇದಾರೆ ನಾಲ್ಕು ಜನ. ಒಬ್ರು ಪ್ರೊಫೆಸರೇ.”

“ನೀನೇನು ಮಾಡ್ತೀಯ ಅಲ್ಲಿ?”

“ಅವ್ರು ಹೇಳೋದನ್ನ ಬರೀತೀನಿ.” ಹಿಂದಿನ ದಿನವೇ ಬರೆಯುತ್ತೇನೆ ಎಂದು ಹೇಳಲಿಲ್ಲ.

ಅಕ್ಟೋಬರ್ 3, ಮಂಗಳವಾರ

ಅತ್ತೆ ಇವತ್ತು ತಲೆ ಬಾಚಿಕೊಳ್ಳಲಿಲ್ಲ. ಆದರೆ ಫೋನು ಎರಡು ಸಲ ರಿಂಗಾಗುವಷ್ಟರಲ್ಲಿ ಎತ್ತಿದರು. ಕಿಟಕಿಯ ಪ್ರಶ್ನೆ ಬಂದಾಗ “ನೀರಿನ ಟ್ಯಾಂಕು” ಎಂದರು. ಹುಡುಗಿ ಗಾಬರಿಯಾದಳು. “ಹುಷಾರಿಲ್ವಾ?” ಎಂದು ಕೇಳಿದಳು. ಅದು ಪ್ರಶ್ನಾವಳಿಯಲ್ಲಿ ಇಲ್ಲ, ನಾನು ನೋಡಿದ್ದೇನೆ.

“ಮುಂದಿನ ವಾರಾನೂ ಮಾಡ್ತೀಯಾ ಮಗಾ?” ಎಂದು ಅತ್ತೆ ಸುಮ್ಮನೆ ಕೇಳಿದಂತೆ ಕೇಳಿದರು.

ಅತ್ತಲಿಂದ ಬಂದದ್ದು ಪ್ರಶ್ನೆ ಆರು.

ಅಕ್ಟೋಬರ್ 4, ಬುಧವಾರ

ನಾಳೆಯ ನಡಾವಳಿ ಬರೆದೆ. ಬಾಗಿಲು ಹಾಕಿಕೊಂಡು, ಎರಡು ಗಂಟೆ.

ಮಾತಾಡಲು ನನ್ನಿಂದಾಗದು, ಆದರೆ ಅವರು ಬರೆದುಕೊಟ್ಟದ್ದನ್ನು ಆಡುತ್ತಾರಲ್ಲ. ಯಾರ ಬಾಯಿಗೆ ಹಾಕುವುದೆಂದು ಯೋಚಿಸಿ, ದರ್ಜಿಯೇ ಸರಿ ಎಂದುಕೊಂಡೆ. ಅವರಿಗೆ ಯಾರ ಹಂಗೂ ಇಲ್ಲ. ‘ಸಾಮಾನ್ಯ ಸದಸ್ಯರು ಎದ್ದು ನಿಂತು, ಈ ಅಧ್ಯಯನವು ಅನುಮೋದನೆಗೆ ಮೊದಲೇ ಹನ್ನೆರಡು ಹಿರಿಯರ ಮೇಲೆ ಆರಂಭವಾಗಿದೆಯೆಂದೂ, ಹೇಳದೆ ಕರೆ ನಿಲ್ಲಿಸುವುದು ಅನ್ಯಾಯವೆಂದೂ ಆಕ್ಷೇಪಿಸಿದರು. ಅಧ್ಯಕ್ಷರು ಇದನ್ನು ಗಂಭೀರವಾಗಿ ಪರಿಗಣಿಸಿದರು. ವಕೀಲೆಯವರು ಬೆಂಬಲಿಸಿದರು.’

ಪ್ರತಿಗಳನ್ನು ಈ ಸಲ ನಾನೇ ತೆಗೆದು, ಪ್ರೊಫೆಸರರ ಪ್ರತಿಯಲ್ಲಿ ಮಾತ್ರ ಆ ಪುಟ ಇಡಲಿಲ್ಲ. ಹೇಗಿದ್ದರೂ ಆಗ ಅವರು ಹೊರಗಿರುತ್ತಾರೆ. ಗುಮಾಸ್ತರು ಎಂದಿನಂತೆ ಓದದೆ ಹಂಚಿದರು.

ಮನಸ್ಸು ಹಗುರಾಯಿತು. ನಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಎಂದು ಇಳಿದು, ಅಮ್ಮ ಹೇಳಿದ್ದ ಸೋಪು ತಂದೆ.

ಅಕ್ಟೋಬರ್ 5, ಗುರುವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಮೂರನೆಯ ಕಡತ ಬಂತು. ಪ್ರೊಫೆಸರ್ ಎದ್ದು ಹೋಗಿ ಬಾಗಿಲನ್ನು ಒಂದು ಗೇಣು ತೆರೆದಿಟ್ಟರು. ದರ್ಜಿ ಗಂಟಲು ಸರಿಮಾಡಿಕೊಂಡು, ನಡಾವಳಿಯಲ್ಲಿದ್ದಂತೆ ಎದ್ದು ನಿಂತರು. “ಈ ಅಧ್ಯಯನ ಅನುಮೋದನೆಗೆ ಮೊದಲೇ ಹನ್ನೆರಡು ಹಿರಿಯರ ಮೇಲೆ…” ಎಂದು ಓದಿ, ನಿಂತರು. ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಅಲ್ಲ, ಇದು ನನಗೆ ಹೇಗೆ ಗೊತ್ತಾಯ್ತು?” ಎಂದರು.

ಮೂಳೆ ಡಾಕ್ಟರು ತಮ್ಮ ಪ್ರತಿ ನೋಡಿಕೊಂಡರು. ಅವರ ಸಾಲು ‘ಗಂಭೀರವಾಗಿ ಪರಿಗಣಿಸಿದರು’ ಎಂದಷ್ಟೇ ಇತ್ತು. ಗಂಭೀರವಾಗಿ, “ಹೌದು, ನಿಮಗೆ ಹೇಗೆ ಗೊತ್ತಾಯ್ತು?” ಎಂದರು.

“ಅದನ್ನೇ ನಾನೂ ಕೇಳ್ತಿರೋದು.”

“ನೀವು ಹೇಳಿದ್ದೀರಿ ಅಂತ ಇಲ್ಲಿದೆ.”

“ಇದೆ. ಹೇಳ್ತೀನಿ ಕೂಡ. ಆದ್ರೆ ಯಾರಾದ್ರೂ ಸಾಕ್ಷಿ ಕೇಳಿದ್ರೆ ಟೇಪು ತೋರಿಸ್ಲಾ?”

ವಕೀಲೆ ಪೂರ್ತಿ ಪುಟವನ್ನು ಮೊದಲ ಬಾರಿಗೆ ಓದಿ, “ಇದನ್ನ ನಾನು ಬೆಂಬಲಿಸಿದ್ದೀನಾ? ಯಾವ ಆಧಾರದ ಮೇಲೆ?” ಎಂದರು.

ಐದು ವರ್ಷ ಕಥೆ ಕಾದಂಬರಿ ಓದಿದವಳು ನಾನು. ಬರೆಯುವವರಿಗೆ ಮಾತ್ರ ಗೊತ್ತಿರುವುದು ಪಾತ್ರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ದರ್ಜಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಗುಮಾಸ್ತರು ಗೋಡೆಯ ಗಡಿಯಾರ ನೋಡುತ್ತಿದ್ದರು. ನೆಲ ಬಾಯಿಬಿಡಲಿಲ್ಲ.

“ನಮ್ಮ ಅತ್ತೆ” ಎಂದೆ.

“ಸ್ವಲ್ಪ ಜೋರಾಗಿ. ಬೆನ್ನು ನೇರ ಮಾಡಿ” ಎಂದರು ಮೂಳೆ ಡಾಕ್ಟರು. ಮಾಡಿದೆ. ಆಶ್ಚರ್ಯ, ಧ್ವನಿ ಬಂತು.

ಹೇಳಿದೆ. ಆರೂವರೆಯ ಫೋನು, ಐದನೆಯ ಪ್ರಶ್ನೆ, ಒಂಬತ್ತನೆಯ ಪುಟ, ಅಳಿಸಿಹೋದ ಪೆನ್ಸಿಲ್ ಗುರುತು. ಯಾರು ಅಳಿಸಿದರೆಂದು ಹೇಳಲಿಲ್ಲ. ಒಂಟೆಯ ವಿಷಯ ಹೇಳಬಾರದೆಂದುಕೊಂಡಿದ್ದೆ, ಅದೂ ಬಂದುಬಿಟ್ಟಿತು.

ಬಾಗಿಲು ಪೂರ್ತಿ ತೆರೆಯಿತು. “ಒಂಟೆ ಸುಳ್ಳಾ?” ಎಂದರು ಪ್ರೊಫೆಸರ್. ಮುಖ ಬಿಳಿಚಿತ್ತು. “ನಾವು ಅದನ್ನ ಮರೆವಿನ ಲಕ್ಷಣ ಅಂತ ಹಾಕ್ಕೊಂಡಿದ್ದೀವಿ.”

“ಹನ್ನೆರಡು ಜನಕ್ಕೆ ಫೋನ್ ಹೋಗ್ತಿರೋದು ನಿಜಾನಾ?” ವಕೀಲೆ ಕೇಳಿದರು.

ಪ್ರೊಫೆಸರ್ ಕುಳಿತರು. ಜೋರು ಮಾಡದೆಯೇ ಮಾತಾಡಿದರು. ಎಷ್ಟೋ ಕಡೆ ಹಿರಿಯರಿಗೆ ಫೋನ್ ಮಾಡುವ ಯೋಜನೆ ಶುರು ಮಾಡುತ್ತಾರೆ, ಒಂದು ದಿನ ಹಠಾತ್ತನೆ ನಿಲ್ಲಿಸುತ್ತಾರೆ. ಅದರಿಂದ ಎಷ್ಟು ನೋವಾಗುತ್ತದೆಂದು ಅಂಕಿಯಲ್ಲಿ ತೋರಿಸಿದರೆ ಮುಂದೆ ಯಾರೂ ಹಾಗೆ ಮಾಡಲಾರರು. “ಅವರ ಒಳ್ಳೇದಕ್ಕೇ ಇದು. ಮುಂಚೆ ಹೇಳಿ ನಿಲ್ಲಿಸಿದ್ರೆ ಅದು ವಿದಾಯ ಆಗುತ್ತೆ. ನಾನು ಅಧ್ಯಯನ ಮಾಡ್ತಿರೋದು ವಿದಾಯ ಅಲ್ಲ.”

“ಹಾಗಾದ್ರೆ ವಿದಾಯಾನೇ ಮಾಡಿ. ಅದೇನು ಅಗ್ಗದ ಬಟ್ಟೇನಾ?” ಎಂದರು ದರ್ಜಿ. ಇದು ನಾನು ಬರೆದದ್ದಲ್ಲ.

ಮೂಳೆ ಡಾಕ್ಟರು ಹಾಳೆಯನ್ನು ಮಗುಚಿಟ್ಟರು. “ನಲವತ್ತು ವರ್ಷ ಮೂಳೆ ಕಟ್ಟಿದ್ದೀನಿ. ಮುರಿದ್ರೆ ಎಷ್ಟು ನೋಯುತ್ತೆ ಅಂತ ತಿಳ್ಕೊಳ್ಳೋಕೆ ಒಬ್ರದ್ದೂ ಮುರೀಲಿಲ್ಲ. ಮುರ್ಕೊಂಡು ಬಂದೋರೇ ಬೇಕಾದಷ್ಟು ಇದ್ರು.” ಇದೂ ನಾನು ಬರೆದದ್ದಲ್ಲ. ನನ್ನ ಕೈಯಲ್ಲಿ ಪೆನ್ನೇ ಇರಲಿಲ್ಲ. ಸಭೆಗೆ ಪೆನ್ನು ಒಯ್ಯುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ.

“ಈಗ ಆ ಹನ್ನೆರಡು ಜನರ ಗತಿ ಏನು? ಇವತ್ತೇ ನಿಲ್ಲಿಸಿ ಅನ್ನೋಣ್ವಾ?” ಎಂದರು ವಕೀಲೆ.

“ನಿಲ್ಲಿಸಬೇಡಿ” ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. “ನಿಜ ಹೇಳಿ. ಯಾವತ್ತು ಕೊನೆ ಅಂತ ಹೇಳಿ. ಇರ್ತೀರಾ ಅಂತ ಅವರನ್ನೇ ಕೇಳಿ. ಹೇಳದೆ ಲೈನ್ ತೆಗೀಬಾರ್ದು ಸರ್. ತೆಗೆದ್ರೆ ಟೆಲಿಫೋನ್ ಇಲಾಖೇಲಿ ಮೆಮೊ ಕೊಡ್ತಿದ್ರು.”

ತೀರ್ಮಾನ: ಅನುಮೋದನೆ ಇಲ್ಲ. ನಾಳೆಯೇ ಹನ್ನೆರಡೂ ಜನಕ್ಕೆ ವಿಷಯ ತಿಳಿಸಬೇಕು, ಒಪ್ಪಿದವರಿಗೆ ಇನ್ನೊಂದು ವಾರ ಫೋನ್ ಮಾಡಿ ಹೇಳಿಯೇ ಮುಗಿಸಬೇಕು. ತಿಳಿಸುವ ಕಾಗದವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಬರೆಯುವ ಕೆಲಸ ನನ್ನದು.

ಸಭೆ ಒಂದೂ ಮುಕ್ಕಾಲು ಗಂಟೆ ನಡೆಯಿತು. ಯಾರೂ ಚೆನ್ನಾಗಿ ಚರ್ಚಿಸಿದೆವು ಎನ್ನಲಿಲ್ಲ.

ಅಕ್ಟೋಬರ್ 6, ಶುಕ್ರವಾರ

ಆರೂವರೆಗೆ ಫೋನು. ಹುಡುಗಿ ನಾನು ಬರೆದ ಕಾಗದವನ್ನು ಓದಿದಳು. ಸಾಲಿನ ಕೊನೆಗೆ ಉಸಿರು. ಎರಡನೆಯ ಪ್ಯಾರಾದಲ್ಲಿ ಧ್ವನಿ ಒಡೆಯಿತು.

“ನಿಧಾನವಾಗಿ ಓದು ಮಗಾ, ಅವಸರ ಏನಿಲ್ಲ” ಎಂದರು ಅತ್ತೆ. ಎಲ್ಲ ಕೇಳಿಸಿಕೊಂಡು, “ಹದಿಮೂರರವರೆಗೆ ಇರ್ತೀನಿ ಅಂತ ಬರ್ಕೋ. ಇನ್ನೊಂದು ಬರ್ಕೋ. ನನಗೆ ಈಜು ಬರಲ್ಲ.”

ಅತ್ತ ನಗುವೋ ಅಳುವೋ ಗೊತ್ತಾಗಲಿಲ್ಲ. “ಕುಂಟೋ ಒಂಟೇನೂ ಇಲ್ವಾ?”

“ಒಂಟೇನೇ ಇಲ್ಲ, ಕುಂಟೋದು ಎಲ್ಲಿಂದ ಬಂತು?”

“ಅಯ್ಯೋ, ಅದರ ಕಾಲು ವಾಸಿ ಆಯ್ತಾ ಅಂತ ಕೇಳ್ಬೇಕು ಅಂತಿದ್ದೆ.”

ಹನ್ನೆರಡರಲ್ಲಿ ಮೂವರು ಸಿಟ್ಟಿನಿಂದ ಫೋನಿಟ್ಟರಂತೆ. ಅವರ ವಿಷಯ ಯೋಚಿಸುತ್ತಿದ್ದೇನೆ. ಅವರ ಸಿಟ್ಟು ಸರಿಯಾದದ್ದೇ.

ಅಕ್ಟೋಬರ್ 11, ಬುಧವಾರ

ಪ್ರೊಫೆಸರ್ ಮೆಟ್ಟಿಲಲ್ಲಿ ಎದುರಾದರು. ತಲೆ ತಗ್ಗಿಸಿ ಹೋದರು. ತಲೆ ತಗ್ಗಿಸಿ ಹೋಗುವುದು ನನ್ನ ಪದ್ಧತಿ. ಅವರು ಮಾಡಿದ್ದರಿಂದ ನನಗೇನು ಮಾಡುವುದೆಂದು ತೋಚದೆ ನಮಸ್ಕಾರ ಎಂದೆ.

ಐದನೇ ತಾರೀಕಿನ ನಡಾವಳಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಇದು ಕಷ್ಟ. ಜನ ಆಡಿದ ಮಾತು ನಾನು ಬರೆದ ಮಾತಿನಷ್ಟು ಚೆನ್ನಾಗಿ ಕೂರುವುದಿಲ್ಲ. ‘ಅದೇನು ಅಗ್ಗದ ಬಟ್ಟೇನಾ’ ಎಂಬುದನ್ನು ಕಚೇರಿ ಭಾಷೆಗೆ ತರಲು ಮೂರು ಸಲ ನೋಡಿ, ಹಾಗೇ ಬಿಟ್ಟೆ. ದರ್ಜಿಯ ಅಂಗಡಿಗೆ ಹೋಗಿ, ನೀವು ಹೇಳಿದ್ದು ಇದೇ ತಾನೇ ಎಂದು ಕೇಳಿದೆ. ಅವರು ಓದಿ, “ಇದು ನಾನೇ” ಎಂದರು.

ಅಕ್ಟೋಬರ್ 13, ಶುಕ್ರವಾರ

ನನ್ನ ಆರು ವಾರವೂ ಇವತ್ತಿಗೆ ಮುಗಿಯಿತು.

ಮಧ್ಯಾಹ್ನ ಗುಮಾಸ್ತರು ಕುರ್ಚಿ ಎಳೆದುಕೊಂಡು ಕುಳಿತರು. “ಎಲ್ಲ ಸರಿ ಇದೆಯಮ್ಮಾ. ಆದ್ರೆ ‘ಅನುಮೋದನೆಗೆ ಮೊದಲೇ ಆರಂಭವಾಗಿತ್ತು’ ಅನ್ನೋ ಸಾಲು ತೆಗೆದ್ಬಿಡು. ಮೇಲಿನೋರು ಓದಿದ್ರೆ ಹನ್ನೊಂದು ವರ್ಷದ ನಡಾವಳೀನೆಲ್ಲ ಹೊರಗೆ ತೆಗೆಸಿ ನೋಡ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ, ಗಾದೆ ಗೊತ್ತಲ್ಲ. ನಿನ್ನ ಗುತ್ತಿಗೆ ಕಾಗದ ಅಧ್ಯಕ್ಷರ ಮೇಜಿನ ಮೇಲೇ ಇದೆ, ಸೋಮವಾರ ಸಹಿ ಆಗುತ್ತೆ. ನಡಾವಳೀನೂ ಸೋಮವಾರ ಕೊಡು.” ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು. “ಹಾಂ, ಹತ್ತೊಂಬತ್ತಕ್ಕೆ ಮುಂದಿನ ಸಭೆ. ಅದರದ್ದು ಹದಿನೆಂಟಕ್ಕೆ ರೆಡಿ ಇರ್ಲಿ. ಈ ಸಲ ಚಿಕ್ಕದಾಗಿ ಬರಿ.”

ಸಂಜೆ ಅತ್ತೆ ಬೇಗ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು, ಫೋನನ್ನು ಕೋಣೆಗೆ ಒಯ್ದರು. ಬಾಗಿಲು ಹಾಕಿಕೊಳ್ಳುವ ಮುಂಚೆ, “ಇವತ್ತು ಸ್ಪೀಕರ್ ಇಲ್ಲ ಕಣೇ” ಎಂದರು. ನಲವತ್ತು ನಿಮಿಷ ಮಾತಾಡಿದರು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಊಟ ಮಾತ್ರ ಎಂದಿನಂತೆ ಮಾಡಿದರು, ಉಪ್ಪು ಕಡಿಮೆಯೆಂದು ಅಮ್ಮನಿಗೆ ಹೇಳಿದರು ಕೂಡ. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ. ಅದು ಈ ಪುಸ್ತಕದಲ್ಲಿ ಇರುವುದಿಲ್ಲ.

ಸೋಮವಾರ ಕೊಡುವ ನಡಾವಳಿಯಲ್ಲಿ ಆ ಸಾಲು ಇರುತ್ತದೆ. ಮುಂದಿನ ಸಭೆ ಹತ್ತೊಂಬತ್ತಕ್ಕೆ. ಅದರದ್ದನ್ನು ನಾನು ಇಪ್ಪತ್ತಕ್ಕೆ ಬರೆಯುತ್ತೇನೆ.